ಗವಿಗಳ ನಕ್ಷೆಯನ್ನು ನಾವೇಕೆ ಅಚ್ಚು ಹಾಕಲಿಲ್ಲ

ಈ ಸಂಚಿಕೆಯ ನಡುವಣ ಎರಡು ಪುಟಗಳಲ್ಲಿ ಒಂದು ನಕ್ಷೆ ಬರಬೇಕಾಗಿತ್ತು. ಗೋಕಾಕದ ಕೆಲವು ತರುಣ ಚಾರಣಿಗರು ಎರಡು ವರ್ಷ ತಮ್ಮ ರಜೆಯ ದಿನಗಳನ್ನೆಲ್ಲ ಸವೆಸಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಗುಡ್ಡಸಾಲುಗಳನ್ನು ಅಲೆದು, ತಾವು ಕಂಡ ಗವಿ, ಕಲ್ಲಾಸರೆ, ಬಂಡೆಬಿರುಕುಗಳನ್ನು ಗುರುತು ಹಾಕಿ ನಮಗೆ ಕಳಿಸಿಕೊಟ್ಟಿದ್ದರು. ಪ್ರತಿ ಗವಿಗೂ ಅಕ್ಷಾಂಶ, ರೇಖಾಂಶ, ಹೋಗುವ ದಾರಿ, ಬೈಕು ನಿಲ್ಲಿಸುವ ಜಾಗ, ಹತ್ತಿರದ ನೀರಿನ ಸೆಲೆ ಎಲ್ಲವೂ ಅದರಲ್ಲಿದ್ದವು. ಅಚ್ಚುಕಟ್ಟಾದ ಕೆಲಸ. ಇಷ್ಟು ಶ್ರದ್ಧೆಯ ಕ್ಷೇತ್ರಕಾರ್ಯ ಈ ಪತ್ರಿಕೆಗೆ ಬಂದು ಬಹಳ ಕಾಲವಾಗಿತ್ತು. ಸಂಪಾದಕ ಬಳಗದಲ್ಲಿ ಎರಡು ಸಂಜೆ ಚರ್ಚೆ ನಡೆದು, ಕೊನೆಗೆ ಅದನ್ನು ಅಚ್ಚು ಹಾಕುವುದು ಬೇಡವೆಂದು ತೀರ್ಮಾನಿಸಿದೆವು. ಮಿತ್ರರಿಗೆ ಬೇಸರವಾಗಿದೆ. “ಪರಿಸರದ ಹೆಸರಿನಲ್ಲಿ ನೀವೂ ಗುಟ್ಟು ಕಾಯುವ ಪುರೋಹಿತರಾದಿರಿ” ಎಂದು ಅವರಲ್ಲೊಬ್ಬರು ಬರೆದಿದ್ದಾರೆ. ಅವರಿಗೂ ಓದುಗರಿಗೂ ನಾವು ಕಾರಣ ಹೇಳಬೇಕಾಗಿದೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಹದಿನಾಲ್ಕು ವರ್ಷಗಳ ಹಿಂದೆ, ಘಟಪ್ರಭೆಯ ದಂಡೆಯಿಂದ ತುಸು ದೂರದ ಒಂದು ಕೊಳ್ಳದ ಮೇಲ್ಭಾಗದಲ್ಲಿ, ಮರಳುಗಲ್ಲಿನ ಪದರಗಳ ನಡುವೆ ತೆರೆದುಕೊಂಡ ಗವಿಯೊಂದನ್ನು ಕುರಿಗಾಹಿ ಹಿರಿಯರೊಬ್ಬರು ನನಗೆ ತೋರಿಸಿದರು. ಬಾಯಿ ಕಿರಿದು, ಒಳಗೆ ಹತ್ತಿಪ್ಪತ್ತು ಹೆಜ್ಜೆ ಬಗ್ಗಿ ನಡೆದರೆ ನೆಟ್ಟಗೆ ನಿಲ್ಲಬಹುದಾದ ಒಂದು ಕೋಣೆ. ಅದರ ಚಾವಣಿಯ ತುಂಬ ಪುಟ್ಟ ತೊಗಲುಬಾವಲಿಗಳು. ಸಂಜೆ ನಾವು ಹೊರಗೆ ಬಂದು ಎದುರಿನ ದಿಣ್ಣೆಯ ಮೇಲೆ ಕೂತೆವು. ಸೂರ್ಯ ಮುಳುಗಿದ ಕಾಲು ಗಂಟೆಗೆ ಅವು ಹೊರಡತೊಡಗಿದವು, ನಾನು ಎಣಿಸುವುದನ್ನು ಅರ್ಧಕ್ಕೆ ಬಿಟ್ಟೆ. ಆ ಸಂತೋಷವನ್ನು ನನ್ನಲ್ಲಿಯೇ ಇಟ್ಟುಕೊಳ್ಳಲಾಗಲಿಲ್ಲ. ಮರುವರ್ಷ ವಿದ್ಯಾರ್ಥಿಗಳ ತಂಡವೊಂದನ್ನು ಕರೆದೊಯ್ದೆ. ಅವರು ತಮ್ಮ ಗೆಳೆಯರನ್ನು ಕರೆದೊಯ್ದರು. ಆಮೇಲೆ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಕಳೆದ ಬೇಸಿಗೆಯಲ್ಲಿ ಮತ್ತೆ ಹೋದಾಗ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳಿದ್ದವು, ಮೂಲೆಯಲ್ಲಿ ಬಾಟಲಿಯ ಚೂರುಗಳಿದ್ದವು, ಚಾವಣಿ ಮಸಿ ಹಿಡಿದಿತ್ತು. ನೆಲದ ಒಂದು ಭಾಗವನ್ನು ನಿಧಿಯ ಆಸೆಗೆ ಯಾರೋ ಮೊಳಕಾಲುದ್ದ ಅಗೆದಿದ್ದರು. ಕುರಿಗಾಹಿ ಹಿರಿಯರು ಹೇಳಿದ ಮಾತನ್ನು ಹಾಗೆಯೇ ಕೊಡುತ್ತೇನೆ: “ಸಂಜಿಮುಂದ ಹೊಗಿ ಎದ್ದಂಗ ಏಳತಿದ್ವು ನೋಡ್ರಿ ಸಾಹೇಬ್ರ. ಈಗ ಬರೇ ಮನಷ್ಯಾರ ಹೊಗಿ.”

ಆ ಗವಿಯ ಹೆಸರನ್ನು ನಾನು ಇಲ್ಲಿಯೂ ಬರೆಯುತ್ತಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿ ಗವಿಗಳೆಲ್ಲಿವೆ ಎಂದು ಹೊರಗಿನವರು ಕೇಳುವುದುಂಟು. ಮೇಘಾಲಯದಂತೆ ಮೈಲುಗಟ್ಟಲೆ ಸುರಂಗಗಳು ನಮ್ಮಲ್ಲಿಲ್ಲ ನಿಜ. ಆದರೆ ಗೋಕಾಕದ ಗುಡ್ಡಗಳು ಕಲಾದಗಿ ಜಲಾನಯನದ ಮರಳುಗಲ್ಲಿನಿಂದಾದವು. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಪದರ ಪದರವಾಗಿ ಕೂತ ಮರಳು ಅದು. 52 ಮೀಟರು ಎತ್ತರದಿಂದ ಘಟಪ್ರಭೆ ಧುಮುಕುವ ಗೋಕಾಕ ಜಲಪಾತದ ಬಂಡೆಯ ಮುಖವನ್ನೊಮ್ಮೆ ಗಮನವಿಟ್ಟು ನೋಡಿದರೆ ಆ ಪದರಗಳೂ ಅವುಗಳನ್ನು ಅಡ್ಡ ಸೀಳಿದ ಬಿರುಕುಗಳೂ ಕಾಣುತ್ತವೆ. ಮರಳಿನ ಕಣ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಕಣಗಳನ್ನು ಹಿಡಿದಿಟ್ಟ ಅಂಟು ಮಾತ್ರ ಬಲು ನಿಧಾನವಾಗಿ ಸಡಿಲಗೊಳ್ಳುತ್ತದೆ. ಆಮೇಲೆ ಮಳೆನೀರು ಸಡಿಲ ಮರಳನ್ನು ಬಿರುಕಿನ ಗುಂಟ ಹೊತ್ತೊಯ್ಯುತ್ತದೆ. ಯೋಗಿಕೊಳ್ಳದಂಥ ಕೊಳ್ಳಗಳಲ್ಲಿಯೂ, ಮಾರ್ಕಂಡೇಯ ನದಿ ಗೊಡಚಿನಮಲ್ಕಿಯ ಬಳಿ ಕೊರೆದ ಕಂದರದ ಸುತ್ತಲೂ ಈ ಕೆಲಸ ಇಂದಿಗೂ ನಡೆದಿದೆ. ಮರಳುಗಲ್ಲಿನಲ್ಲಿ ದೊಡ್ಡ ಗವಿಗಳು ಆಗುವುದಿಲ್ಲವೆಂದು ಬಹುಕಾಲ ನಂಬಿದ್ದರು. 2018ರಲ್ಲಿ ಮೇಘಾಲಯದ ಕ್ರೆಮ್ ಪುರಿ ಎಂಬ ಮರಳುಗಲ್ಲಿನ ಗವಿಯನ್ನು ಅಳೆದಾಗ ಅದು 24 ಕಿಲೋಮೀಟರಿಗೂ ಮಿಕ್ಕಿತು. ಆ ಬಗೆಯ ಗವಿಗಳಲ್ಲಿ ಜಗತ್ತಿಗೇ ಉದ್ದವಾದದ್ದು ಅದೇ.

ಪೂರ್ವಕ್ಕೆ ಮೂಡಲಗಿ ತಾಲ್ಲೂಕಿನ ಯಾದವಾಡದ ಕಡೆಗೆ ಸಾಗಿದರೆ ಕಲ್ಲಿನ ಜಾತಿ ಬದಲಾಗುತ್ತದೆ. ಅಲ್ಲಿ ಸುಣ್ಣಕಲ್ಲು, ಆದ್ದರಿಂದಲೇ ಅಲ್ಲಿ ಸಿಮೆಂಟು ಕಾರ್ಖಾನೆ. ಗಾಳಿಯ ಇಂಗಾಲಾಮ್ಲವನ್ನು ಹೀರಿ ಹುಳಿಯಾದ ಮಳೆನೀರು ಸುಣ್ಣಕಲ್ಲನ್ನು ನೇರವಾಗಿ ಕರಗಿಸುತ್ತದೆ, ನೆಲದೊಳಗೆ ಪೊಟರೆಗಳನ್ನು ಮಾಡುತ್ತದೆ. ಅಂಥ ನೆಲದಲ್ಲಿ ನೀರು ಮಣ್ಣಿನ ಮೂಲಕ ಸೋಸಿ ಇಳಿಯದೆ ಬಿರುಕುಗಳಲ್ಲಿ ಓಡುತ್ತದೆ. ಮೇಲೆ ಗುಂಡಿಯಲ್ಲಿ ಸುರಿದ ಕೊಳಕು ಕೆಳಗಿನ ಊರಿನ ಬೋರ್‌ವೆಲ್‌ಗೆ ಬಂದು ಸೇರಲು ತಡವಾಗದು. ಇದು ಗವಿಯ ಮಾತಷ್ಟೇ ಆಗಿ ಉಳಿಯುವುದಿಲ್ಲ, ಕುಡಿಯುವ ನೀರಿನ ಮಾತೂ ಆಗುತ್ತದೆ. ಆದರೆ ಅದನ್ನು ವಿಸ್ತರಿಸಲು ಬೇರೆಯದೇ ಸಂಚಿಕೆ ಬೇಕು.

ಈ ನೆಲದ ಪದರಗಳನ್ನು ಮೊದಲು ಶಾಸ್ತ್ರೀಯವಾಗಿ ಓದಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಆ ಅಧಿಕಾರಿ ಗೋಕಾಕದ ಸಮೀಪದ ಹಳ್ಳವೊಂದರ ದಂಡೆಯಲ್ಲಿ ಕಂಡ ಎಲುಬುಗಳನ್ನು ಅಧ್ಯಯನ ಮಾಡಿ, ಅವು ಅಳಿದುಹೋದ ಖಡ್ಗಮೃಗವೊಂದರದೆಂದು 1874ರಲ್ಲಿ ಪ್ರಕಟಿಸಿದರು. ದಖ್ಖನ್ನಿನ ಹೆಸರನ್ನೇ ಅದಕ್ಕೆ ಇಟ್ಟರು. ಇಂದು ಕಬ್ಬು ನಿಂತಿರುವಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತು! ಇದೇ ಫೂಟ್ 1884ರಲ್ಲಿ ಆಂಧ್ರದ ಬೇಲಂ ಗವಿಗಳನ್ನು ದಾಖಲಿಸಿದರು. ಅಂದಿನ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗವಿಗಳ ನೆಲವನ್ನು ತಮ್ಮ ಮಗನೊಂದಿಗೆ ಪದರ ಪದರವಾಗಿ ಬಗೆದು ಪ್ರಾಣಿಗಳ ಅವಶೇಷಗಳನ್ನು ತೆಗೆದರು. ಗವಿಯ ನೆಲವೆಂದರೆ ಸಾವಿರಾರು ವರ್ಷಗಳ ಕಡತ. ಮಳೆ ಬಿಸಿಲು ತಾಕದ ಕಾರಣ ಹೊರಗೆ ಎಂದೋ ಮಣ್ಣಾಗಿಹೋದದ್ದು ಅಲ್ಲಿ ಉಳಿದಿರುತ್ತದೆ. ನಿಧಿಗಳ್ಳನ ಸಲಿಕೆ ಒಂದೇ ರಾತ್ರಿಯಲ್ಲಿ ಆ ಪದರಗಳನ್ನು ಕಲಸಿಬಿಟ್ಟರೆ ಮುಂದೆ ಯಾವ ವಿದ್ವಾಂಸ ಬಂದರೂ ಅದನ್ನು ಓದಲಾರ. ನಾನು ಕಂಡ ಗವಿಯಲ್ಲಿ ಆ ಗುಂಡಿಯೊಳಗೆ ಏನಿತ್ತೋ ಯಾರಿಗೆ ಗೊತ್ತು?

ಇನ್ನು ಬಾವಲಿಗಳ ವಿಷಯ. ಕೃಷಿ ವಿಜ್ಞಾನಿಯಾದ ನನಗೆ ಇದು ಹೊಟ್ಟೆಪಾಡಿನ ವಿಷಯವೂ ಹೌದು. ತುಸು ದೀರ್ಘವಾಗಿ ಹೇಳಿದರೆ ಓದುಗರು ಸಹಿಸಿಕೊಳ್ಳಬೇಕು.

ಬಾವಲಿಯೆಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಅಪಶಕುನ. 2018ರಲ್ಲಿ ಕೇರಳದಲ್ಲಿ ನಿಪಾ, 2020ರಲ್ಲಿ ಕೋವಿಡ್ ಬಂದ ಮೇಲೆ ಆ ಅಂಜಿಕೆಗೆ ವಿಜ್ಞಾನದ ವೇಷವೂ ದೊರೆಯಿತು. ನಮ್ಮ ಕಾನೂನು ಕೂಡ ಅವುಗಳ ವಿಷಯದಲ್ಲಿ ಬಹುಕಾಲ ಉದಾರವಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳು ಇಲಿ, ಕಾಗೆಗಳ ಜೊತೆಗೆ ಉಪದ್ರವಿಗಳ 5ನೆಯ ಅನುಸೂಚಿಯಲ್ಲಿದ್ದವು. ಆ ಉಪದ್ರವಿಗಳ ಪಟ್ಟಿ ಹೋದದ್ದು 2022ರ ತಿದ್ದುಪಡಿಯಿಂದ. ನಮ್ಮ ಗವಿಗಳಲ್ಲಿ ಹೆಚ್ಚಾಗಿ ಇರುವವು ಹಣ್ಣು ತಿನ್ನುವವಲ್ಲ, ಕೀಟ ತಿನ್ನುವ ಪುಟ್ಟ ಜಾತಿಗಳು. ರಾತ್ರಿಯಿಡೀ ಹೊಲಗಳ ಮೇಲೆ ಹಾರಾಡಿ ಪತಂಗ, ದುಂಬಿ, ಸೊಳ್ಳೆಗಳನ್ನು ಹಿಡಿಯುವುದೇ ಅವುಗಳ ಕಸುಬು.

ಕಡಲೆಯ ಕಾಯಿಕೊರಕ ನಮ್ಮ ರೈತನಿಗೆ ಎಷ್ಟು ಕಾಡಿದೆಯೆಂಬುದನ್ನು ಹೇಳಬೇಕಿಲ್ಲ. 2018ರಲ್ಲಿ ಕರ್ನಾಟಕದಲ್ಲಿಯೇ ಮೊದಲು ಕಾಣಿಸಿಕೊಂಡು ದೇಶದ ತುಂಬ ಹಬ್ಬಿದ ಫಾಲ್ ಸೈನಿಕ ಹುಳು ಮೂಡಲಗಿ, ಹುಕ್ಕೇರಿಯ ಗೋವಿನಜೋಳವನ್ನೂ ಬಿಡಲಿಲ್ಲ. ನಾವು ಔಷಧಿ ಹೊಡೆಯುವುದು ಎಲೆ ತಿನ್ನುವ ಹುಳುವಿಗೆ. ಆದರೆ ಆ ಹುಳುವಿನ ತಾಯಿ ಕತ್ತಲಾದ ಮೇಲೆ ಹಾರಿಬಂದು ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡುವ ಪತಂಗ. ಒಂದು ತಾಯಿ ಪತಂಗ ಮೊಟ್ಟೆಯಿಡುವ ಮುನ್ನವೇ ಬಾವಲಿಯ ಬಾಯಿಗೆ ಬಿದ್ದರೆ ಎಷ್ಟು ಹುಳು ಕಡಿಮೆಯಾದವೆಂದು ರೈತರೇ ಲೆಕ್ಕ ಹಾಕಲಿ.

ಈ ಲೆಕ್ಕವನ್ನು ಅಮೆರಿಕದ ಟೆಕ್ಸಾಸಿನಲ್ಲಿ ಹಾಕಿದ್ದಾರೆ. ಅಲ್ಲಿ ಗವಿಗಳಲ್ಲಿ ಲಕ್ಷೋಪಲಕ್ಷ ಸಂಖ್ಯೆಯಲ್ಲಿ ನೆಲೆಸುವ ಬಾಲಬಿಡಿ ಬಾವಲಿಗಳು ತಿನ್ನುವ ಮುಖ್ಯ ಪತಂಗ ನಮ್ಮ ಕಾಯಿಕೊರಕದ ಸೋದರಜಾತಿಯದು. ಎಂಟು ಕೌಂಟಿಗಳ ಹತ್ತಿ ಬೆಳೆಗೆ ಆ ಬಾವಲಿಗಳಿಂದ ಆಗುವ ಉಪಕಾರ ವರ್ಷಕ್ಕೆ ಸುಮಾರು 7.41 ಲಕ್ಷ ಡಾಲರ್ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆ ಪ್ರದೇಶದ ಹತ್ತಿಯ ಒಟ್ಟು ಮೌಲ್ಯವೇ 46ರಿಂದ 64 ಲಕ್ಷ ಡಾಲರ್. ಅದೇ 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗವಿಯೊಂದರಲ್ಲಿ ಮೂತಿಯ ಮೇಲೆ ಬಿಳಿ ಬೂಜು ಹಿಡಿದ ಬಾವಲಿಗಳು ಕಂಡವು. ಯುರೋಪಿನ ಕಡೆಯಿಂದ ಬಂದ ಆ ಶಿಲೀಂಧ್ರ ಬಾವಲಿಯಿಂದ ಬಾವಲಿಗೆ ಹರಡಿತು. ಗವಿ ಹೊಕ್ಕು ಬರುವವರ ಬೂಟು, ಹಗ್ಗ, ಬಟ್ಟೆಗಳ ಮೂಲಕವೂ ಹರಡಬಲ್ಲದೆಂದು ತಿಳಿದಾಗ ಅಲ್ಲಿ ಅನೇಕ ಗವಿಗಳನ್ನು ಜನರಿಗೆ ಮುಚ್ಚಿದರು. ಲಕ್ಷಾಂತರ ಬಾವಲಿಗಳು ಸತ್ತವು. ಬಾವಲಿಗಳು ಅಳಿದ ಕೌಂಟಿಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸುಮಾರು ಶೇಕಡ 31ರಷ್ಟು ಹೆಚ್ಚಿಸಿದರೆಂದೂ, ಅಲ್ಲಿ ಶಿಶುಮರಣ ಸುಮಾರು ಶೇಕಡ 8ರಷ್ಟು ಏರಿತೆಂದೂ 2024ರಲ್ಲಿ ಅರ್ಥಶಾಸ್ತ್ರದ ಸಂಶೋಧನೆಯೊಂದು ತೋರಿಸಿದೆ. ಆ ಶಿಲೀಂಧ್ರಕ್ಕೆ ತಂಪು ಬೇಕು, ನಮ್ಮ ಬಿಸಿಸೀಮೆಯ ಗವಿಗಳಲ್ಲಿ ಅದು ಬೇರೂರುವ ಭಯವಿಲ್ಲ. ನಾನು ಈ ಕತೆ ಹೇಳಿದ್ದು ಗವಿಯ ಬಾಯಿಗೂ ತೊಟ್ಟಿಲಿಗೂ ಇರುವ ದೂರ ನಾವು ತಿಳಿದಷ್ಟಿಲ್ಲ ಎಂಬುದಕ್ಕಾಗಿ.

ನಮ್ಮಲ್ಲಿ ಬಾವಲಿಗಳನ್ನು ಕೊಲ್ಲಲು ರೋಗ ಬೇಕಾಗಿಲ್ಲ, ಒಂದು ಬೆಂಕಿ ಸಾಕು. ಗವಿಯ ಬಹುತೇಕ ಕೀಟಾಹಾರಿ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಹಲವು ಜಾತಿಗಳಲ್ಲಿ ಆ ಕಾಲ ಬೇಸಿಗೆಯ ಕೊನೆಗೂ ಮಳೆಗಾಲದ ಮೊದಲಿಗೂ ನಡುವೆ ಬರುತ್ತದೆ. ಜಲಪಾತಕ್ಕೆ ಜನ ಮುಗಿಬೀಳುವ ದಿನಗಳೂ ಅಲ್ಲಿಂದಲೇ ಶುರು. ಹಾರಲು ಬಾರದ ಮರಿಗಳು ಚಾವಣಿಗೆ ಅಂಟಿಕೊಂಡಿರುತ್ತವೆ. ಟಾರ್ಚು, ಕೂಗಾಟ, ಹೊಗೆಗೆ ಬೆದರಿ ತಾಯಂದಿರು ಒಮ್ಮೆಲೇ ಹಾರಿದಾಗ ಮರಿಗಳು ಕೆಳಕ್ಕೆ ಬೀಳುತ್ತವೆ. ಬಿದ್ದ ಮರಿ ಬಹುಮಟ್ಟಿಗೆ ಉಳಿಯುವುದಿಲ್ಲ. ಹೀಗೆ ಒಂದು ಭಾನುವಾರದ ಪಿಕ್‌ನಿಕ್ ಒಂದು ವರ್ಷದ ಸಂತತಿಯನ್ನು ತೆಗೆಯಬಲ್ಲದು. ಬಾವಲಿ ಹೋದರೆ ಅದರ ಹಿಕ್ಕೆಯೂ ನಿಲ್ಲುತ್ತದೆ. ಹಸಿರೇ ಇಲ್ಲದ ಆ ಕತ್ತಲೆಯ ಲೋಕದಲ್ಲಿ ಜಿರಲೆ, ಮಿಡತೆ, ದುಂಬಿಗಳಿಗೆಲ್ಲ ಹಿಕ್ಕೆಯೇ ಅನ್ನ. (ಒಳ್ಳೆಯ ಗೊಬ್ಬರವೆಂದು ಅದನ್ನು ಬಾಚಿ ತರುವ ರೈತಮಿತ್ರರೂ ಇದ್ದಾರೆ. ಗೊಬ್ಬರ ಒಳ್ಳೆಯದೇ, ತಿಪ್ಪೆ ಮಾತ್ರ ನಮ್ಮದಲ್ಲ.)

ಇದೇ ಬೆಳಗಾವಿ ಜಿಲ್ಲೆಯ ಇನ್ನೊಂದು ತುದಿಯ ಗವಿಯ ಕತೆ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು? ಖಾನಾಪುರ ತಾಲ್ಲೂಕಿನ ತಳೇವಾಡಿಯ ಬಳಿಯ ಬಾರಾಪೇಡೆ ಗವಿಯ ಬಾವಲಿಯೊಂದನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಿ, ಅದಕ್ಕೆ ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರನ್ನಿಟ್ಟ. ಟೆಕ್ಸಾಸಿನ ಆ ಬಾವಲಿಯ ಕುಟುಂಬಕ್ಕೇ ಸೇರಿದ ಜಾತಿ ಇದು. ಹೆಚ್ಚು ಕಡಿಮೆ ಇಡೀ ಇಪ್ಪತ್ತನೆಯ ಶತಮಾನ ಜಗತ್ತಿನಲ್ಲಿ ಅದರ ನೆಲೆಯೆಂದು ತಿಳಿದಿದ್ದದ್ದು ಈ ಒಂದೇ ಗವಿ. ಆಮೇಲೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಸಿಕ್ಕಿತು. ಹುಲಿ ಆನೆಗಳ ಸಾಲಿನ 1ನೆಯ ಅನುಸೂಚಿಯಲ್ಲಿ ಬಹುಕಾಲ ಸ್ಥಾನ ಪಡೆದಿದ್ದ ಎರಡೇ ಬಾವಲಿಗಳಲ್ಲಿ ಇದು ಒಂದು. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಣೆಯಾದಾಗ ಅದನ್ನು ಒತ್ತಾಯಿಸಿದವರ ಕೈಯಲ್ಲಿದ್ದ ಬಲವಾದ ವಾದಗಳಲ್ಲಿ ಈ ಪುಟ್ಟ ಪ್ರಾಣಿಯೂ ಇತ್ತು. ಮಹದಾಯಿಯ ಉಗಮದ ಕಾಡಿಗೆ ರಕ್ಷಣೆ ದೊರೆಯಲು ಅಂಗೈಯಗಲದ ಜೀವವೊಂದು ನೆರವಾಯಿತು.

ನಕ್ಷೆ ಕಳಿಸಿದ ತರುಣರ ವಾದಕ್ಕೆ ಬಲ ಸಿಗುವುದು ಇಲ್ಲಿಯೇ. ಅವರು ಕೇಳುತ್ತಾರೆ: ಬಾರಾಪೇಡೆ ಉಳಿದದ್ದು ಅದು ದಾಖಲೆಯಲ್ಲಿ ಇದ್ದುದರಿಂದ ತಾನೆ? ಗೋಕಾಕದ ಗುಡ್ಡದಲ್ಲಿ ನಾಳೆ ಕಲ್ಲುಗಣಿಗೆ ಅನುಮತಿ ಕೊಡುವಾಗ ಕಾಗದದ ಮೇಲೆ ಆ ಗುಡ್ಡ ಬರೀ ಗುಡ್ಡವಾಗಿರುತ್ತದೆ, ಒಳಗೆ ಗವಿಯಿದೆ ಎಂದು ಬರೆದವರು ಯಾರು? ಈ ಪ್ರಶ್ನೆಗೆ ನಮ್ಮ ಬಳಗದ ಹಿರಿಯರಿಂದ ಮೊದಲ ಸಂಜೆ ಉತ್ತರ ಬರಲಿಲ್ಲ. ಅಮೆರಿಕದಲ್ಲಿ ಗವಿಗಳಿಗೆಂದೇ 1988ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ನಮ್ಮಲ್ಲಿ ಗವಿಯು ಅರಣ್ಯದಲ್ಲಿದ್ದರೆ ಅರಣ್ಯ ಕಾಯ್ದೆ, ಶಾಸನವೋ ಶಿಲ್ಪವೋ ಇದ್ದರೆ ಪುರಾತತ್ವ ಕಾಯ್ದೆ. ಎರಡೂ ಇಲ್ಲದ ಕಂದಾಯ ಗುಡ್ಡದ ಗವಿಗೆ ಹೇಳುವವರು ಕೇಳುವವರು ಇಲ್ಲ.

ಅಮೆರಿಕದ ಆ ಕಾಯ್ದೆಯಲ್ಲೊಂದು ವಿಚಾರ ನಮ್ಮ ಗಂಟನ್ನು ಬಿಡಿಸಿತು. ಮಹತ್ವದ ಗವಿಗಳ ಪಟ್ಟಿಯನ್ನು ಸರಕಾರ ಇಟ್ಟುಕೊಳ್ಳುತ್ತದೆ, ಆದರೆ ಅವು ಎಲ್ಲಿವೆ ಎಂಬುದನ್ನು ಸಾರ್ವಜನಿಕರಿಗೆ ಸಾಮಾನ್ಯವಾಗಿ ತಿಳಿಸುವುದಿಲ್ಲ. ದಾಖಲೆ ಬೇರೆ, ಜಾಹೀರಾತು ಬೇರೆ. ನಮ್ಮಲ್ಲಿಯೂ ಇದಕ್ಕೊಂದು ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆಯಬೇಕು. 2020ರ ಗಡುವಿಗೆ ಹೆದರಿ ಹಲವು ಕಡೆ ಅವಸರದಲ್ಲಿ ತುಂಬಿದ ಆ ಪುಸ್ತಕಗಳಲ್ಲಿ ಬೇವು, ಹುಣಸೆ, ಎಮ್ಮೆ, ಮೇಕೆಗಳ ಹೆಸರುಗಳಿವೆ; ಗವಿಗೆ ಜಾಗ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ತರುಣರ ನಕ್ಷೆಯನ್ನು ಪಂಚಾಯಿತಿವಾರು ಬಿಡಿಸಿ, ಪ್ರತಿ ಗವಿಗೂ ಒಂದು ಹಾಳೆಯಂತೆ ಬರೆದು, ಸಂಬಂಧಪಟ್ಟ ಸಮಿತಿಗಳಿಗೂ ಅರಣ್ಯ ಇಲಾಖೆಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೂ ಸ್ವೀಕೃತಿ ಪಡೆದು ಸಲ್ಲಿಸಬೇಕೆಂದು ಬಳಗ ನಿರ್ಧರಿಸಿದೆ. ಮುಂದೆ ಕಲ್ಲುಗಣಿಯ ಅರ್ಜಿ ಬಂದಾಗ ‘ನಮಗೆ ತಿಳಿಯದು’ ಎಂದು ಯಾವ ಕಚೇರಿಯೂ ಹೇಳಲಾಗದು. ಹಾಳೆಯ ಮೇಲೆ ನಕ್ಷೆ ಮಾಡಿದವರ ಹೆಸರೇ ಇರುತ್ತದೆ.

ಹಾಗಾದರೆ ಗವಿಗೆ ಯಾರೂ ಹೋಗಲೇಬಾರದೆ? ಅಂಥ ಮಾತನ್ನು ನಾವು ಆಡುವುದಿಲ್ಲ. ನಮ್ಮ ನಾಡಿನಲ್ಲಿ ಗವಿಗಳು ತಪಸ್ಸಿನ ಜಾಗ, ದೇವರ ಜಾಗ, ಗವಿಮಠಗಳ ಜಾಗ. ಅಲ್ಲಮನ ಅಂಕಿತವೇ ಗುಹೇಶ್ವರ. ಕುತೂಹಲದಿಂದ ಕತ್ತಲೆಗೆ ಇಳಿಯುವ ಹುಡುಗ ಹುಡುಗಿಯರಿಂದಲೇ ನಾಳಿನ ಭೂವಿಜ್ಞಾನಿಗಳು ಬರಬೇಕು. ಮೇಘಾಲಯದ ಗವಿಗಳ ಬಗ್ಗೆ ಜಗತ್ತಿಗೆ ತಿಳಿದದ್ದು 1990ರ ದಶಕದಿಂದ ಅಲ್ಲಿಯ ಹವ್ಯಾಸಿಗಳು ವಿದೇಶದ ಹವ್ಯಾಸಿಗಳ ಜೊತೆಗೂಡಿ ವರ್ಷ ವರ್ಷವೂ ಅಳೆದು ನಕ್ಷೆ ಮಾಡಿದ್ದರಿಂದ. ಈ ಹವ್ಯಾಸಕ್ಕೆ ತನ್ನದೇ ಶಿಸ್ತು ಇದೆ. ಒಬ್ಬರೇ ಹೋಗಬಾರದು, ಎಲ್ಲಿಗೆ, ಎಷ್ಟು ಹೊತ್ತಿಗೆ ಮರಳುವುದೆಂದು ಊರಲ್ಲಿ ಹೇಳಿ ಹೋಗಬೇಕು, ತಲೆಗೆ ಹೆಲ್ಮೆಟ್ಟು, ಪ್ರತಿಯೊಬ್ಬರಲ್ಲೂ ಒಂದಕ್ಕಿಂತ ಹೆಚ್ಚು ದೀಪ. ಮೇಲೆ ಎಲ್ಲೋ ಸುರಿದ ಮಳೆ ಕೊಳ್ಳದೊಳಗೆ ಗಳಿಗೆಯಲ್ಲಿ ನೀರಾಗಿ ನುಗ್ಗುವುದನ್ನು ಮರೆಯಬಾರದು. ಒಣ ಹಿಕ್ಕೆಯ ದೂಳಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಶಿಲೀಂಧ್ರ ಇರಬಹುದು, ಮೂಗಿಗೆ ಮುಖಗವಸು ಬೇಕು. ಬೆಂಕಿ ಖಂಡಿತ ಕೂಡದು. ಇವಕ್ಕೆ ನಮ್ಮದೊಂದು ಕೋರಿಕೆ ಸೇರಿಸುತ್ತೇವೆ: ಬಾವಲಿಯಿರುವ ಗವಿಯೊಳಕ್ಕೆ ಮಾರ್ಚಿಯಿಂದ ಆಗಸ್ಟಿನವರೆಗೆ ಕಾಲಿಡಬೇಡಿ.

ಗವಿಗೆ ಗೇಟು ಹಾಕಿಸಿ ಎಂದು ಕೆಲವರು ಸಲಹೆ ಮಾಡಿದ್ದಾರೆ. ಸಾಮಾನ್ಯ ಜಾಲರಿ ಗೇಟು ಬಾವಲಿಗೆ ಸೆರೆಮನೆಯ ಬಾಗಿಲು. ಅಡ್ಡಪಟ್ಟಿಗಳ ನಡುವೆ ಸುಮಾರು 15 ಸೆಂಟಿಮೀಟರು ಅಂತರ ಬಿಟ್ಟ ಗೇಟುಗಳನ್ನು ಹೊರದೇಶಗಳಲ್ಲಿ ಬಳಸುತ್ತಾರೆ. ಅದನ್ನೂ ಕೆಲವು ಜಾತಿಗಳು ಒಪ್ಪದೆ ಗವಿಯನ್ನೇ ತೊರೆಯುತ್ತವೆ. ಬಲ್ಲವರ ಸಲಹೆಯಿಲ್ಲದೆ ಯಾವ ಪಂಚಾಯಿತಿಯೂ ವೆಲ್ಡಿಂಗ್ ಅಂಗಡಿಗೆ ಹೋಗದಿರಲಿ. ಟೆಕ್ಸಾಸಿನ ಬ್ರಾಕನ್ ಗವಿಯಲ್ಲಿ ಕೋಟಿಗೂ ಮಿಕ್ಕಿ ಬಾವಲಿಗಳಿವೆ. ಅಲ್ಲಿಗೆ ಬರುವ ಪ್ರೇಕ್ಷಕರು ಒಳಗೆ ಹೋಗುವುದಿಲ್ಲ, ಸಂಜೆ ಹೊರಗೆ ಬೆಂಚುಗಳ ಮೇಲೆ ಕೂತು ಅವು ಹೊರಡುವುದನ್ನು ನೋಡುತ್ತಾರೆ. ಇದಕ್ಕೆ ಖರ್ಚೂ ಇಲ್ಲ.

ಕುರಿಗಾಹಿ ಹಿರಿಯರು ತೋರಿಸಿದ ಗವಿಯ ಮಸಿಯನ್ನು ನಾವು ತೊಳೆಯಲು ಹೋಗಿಲ್ಲ. ತೊಳೆಯುವುದೂ ಒಂದು ಗಲಾಟೆಯೇ. ಕಳೆದ ಚಳಿಗಾಲದಲ್ಲಿ ಗಾಜಿನ ಚೂರುಗಳನ್ನು ಆರಿಸಿ ತಂದೆವು, ಅಗೆದ ಗುಂಡಿಯನ್ನು ಹಾಗೆಯೇ ಬಿಟ್ಟು ಚಿತ್ರ ತೆಗೆದೆವು, ಕೊಳ್ಳದ ಕೆಳಗಿನ ಊರಿನ ಹಿರಿಯರೊಂದಿಗೆ ಎರಡು ಸಲ ಕೂತು ಮಾತಾಡಿದೆವು. ದಾರಿ ಕೇಳಿ ಬರುವವರಿಗೆ ಈಗ ಆ ಊರಿನವರು ಜಲಪಾತದ ದಾರಿ ತೋರಿಸುತ್ತಿದ್ದಾರೆ. ಹೋದ ಹುಣ್ಣಿಮೆಯ ಮರುದಿನ ನಾವು ನಾಲ್ವರು ಎದುರಿನ ದಿಣ್ಣೆಯ ಮೇಲೆ, ದೀಪವಾರಿಸಿ, ಮುಕ್ಕಾಲು ಗಂಟೆ ಕೂತಿದ್ದೆವು. ಹೊರಗೆ ಬಂದವು ನಲವತ್ತೊಂದು. ಈ ಸಲ ಎಣಿಕೆಯನ್ನು ಅರ್ಧಕ್ಕೆ ಬಿಡುವ ಪ್ರಸಂಗ ಬರಲಿಲ್ಲ. ಪ್ರತಿ ತಿಂಗಳೂ ಹೀಗೆ ಎಣಿಸುವವರಿದ್ದೇವೆ. ನಕ್ಷೆ ಮಾಡಿದ ಮಿತ್ರರು ಮುಂದಿನ ತಿಂಗಳ ಎಣಿಕೆಗೆ ಬರಲು ಒಪ್ಪಿದ್ದಾರೆ. ಸಂಖ್ಯೆಯನ್ನು ಈ ಪುಟದಲ್ಲಿ ಪ್ರಕಟಿಸುತ್ತೇವೆ.